ಬೆಲ್ಲ ತಲುಪದ ಜಾಗ

ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ನಮ್ಮ ಯಜಮಾನರು ಅರ್ಧಕ್ಕೇ ನಿಲ್ಲಿಸಿ ಮಂಚದ ಮೇಲೆ ಕುಳಿತರು. ಒಣ ಕೆಮ್ಮು ಬಹಳ ದಿನದಿಂದ ಇತ್ತು. ಗುಂಡಿ ಹಾಕಿಕೊಳ್ಳಲೂ ಏದುಸಿರು ಬಂದದ್ದು ಅವತ್ತೇ ಮೊದಲು.

"ಆಸ್ಪತ್ರೆಗೆ ಹೋಗೋಣ ನಡೀರಿ," ಅಂದೆ.

"ಏನೂ ಆಗಲ್ಲ ಬಿಡೇ ಮಾರಾಯ್ತಿ. ಒಂದು ಚೂರು ಬೆಲ್ಲ ಕೊಡು."

ಬೆಲ್ಲವಂತೆ ಬೆಲ್ಲ! ಭದ್ರಾವತಿಯ ನಮ್ಮ ಮನೆಯಲ್ಲಿ ಕೆಮ್ಮಿಗೆ ಔಷಧವೆಂದರೆ ಅದೇ. ಇವರು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಎರಕದ ಅಚ್ಚಿಗೆ ಮರಳು ತುಂಬುವವರು. ಎರಕ ಆರಿದ ಮೇಲೆ ಅಚ್ಚು ಒಡೆದು ಮರಳು ಕೊಡವುವವರೂ ಇವರೇ. ಶಿಫ್ಟ್ ಮುಗಿದೊಡನೆ ಅಲ್ಲಿ ಎಲ್ಲರೂ ಒಂದೊಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಳಗೆ ಹೋದ ಧೂಳನ್ನು ಅದು ಎಳೆದುಕೊಂಡು ಹೋಗುತ್ತದಂತೆ. ಆ ಧೈರ್ಯದ ಮೇಲೆ ಮಾಸ್ಕ್ ಗೂಟದಲ್ಲೇ ನೇತಾಡುತ್ತಿತ್ತು. ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಅವತ್ತು ಬೆಲ್ಲ ಕೊಡಲಿಲ್ಲ. ಆಟೋ ಕರೆದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ಕಫದ ಪರೀಕ್ಷೆ ಎಲ್ಲ ಆಯಿತು. ಟಿ.ಬಿ. ಅಲ್ಲ ಅಂದಾಗ ಕೂತಲ್ಲೇ ದೇವರಿಗೆ ಕೈಮುಗಿದೆ.

ಸಿಲಿಕೋಸಿಸ್ ಅಂದರು.

ಆ ಹೆಸರನ್ನೇ ಕೇಳಿರಲಿಲ್ಲ. ಡಾಕ್ಟರ್ ನಮ್ಮ ಮಗಳ ವಯಸ್ಸಿನ ಹುಡುಗಿ. ನಿಧಾನವಾಗಿ ಹೇಳಿದರು: "ಶ್ವಾಸಕೋಶದಲ್ಲಿ ಕಾವಲಿಗೆ ಅಂತ ಜೀವಕೋಶಗಳು ಇರ್ತವೆ ಅಮ್ಮಾ. ಧೂಳು ಬಂದ್ರೆ ನುಂಗ್ತವೆ. ಮರಳಿನ ಧೂಳು ಮಾತ್ರ ಅವಕ್ಕೆ ಅರಗಲ್ಲ. ಸಾಯ್ತವೆ. ಸಾಯೋವಾಗ ಬೇರೆಯವನ್ನ ಕರೀತವೆ, ಅವೂ ಬಂದು ಅದನ್ನೇ ನುಂಗಿ ಸಾಯ್ತವೆ. ಹಿಂಗೇ ಒಳಗೆಲ್ಲ ಉರಿಯೂತ. ಉರಿಯೂತ ಆದ ಜಾಗ ಕಲೆ ಕಟ್ಟಿ ಗಟ್ಟಿಯಾಗುತ್ತೆ."

"ಬೆಲ್ಲ ತಿಂತಾ ಇದ್ನಲ್ಲ?" ಅಂದರು ಇವರು.

"ಅದು ಹೊಟ್ಟೆಗೆ ಹೋಗುತ್ತೆ. ಧೂಳು ಕೂತಿರೋ ಕಡೆ ಹೋಗಲ್ಲ."

ಇವರ ಮುಖ ಇಳಿದುಹೋಯಿತು. ಕೆಲಸ ಬಿಟ್ಟರೆ ವಾಸಿಯಾಗುತ್ತಾ ಎಂದು ಕೇಳಿದೆ. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ, ಇನ್ನಷ್ಟು ಹರಡದಂತೆ ನೋಡಿಕೊಳ್ಳಬಹುದು, ಅದಕ್ಕೂ ಗ್ಯಾರಂಟಿ ಇಲ್ಲ ಅಂದರು. ಇನ್‌ಹೇಲರ್ ಬರೆದುಕೊಟ್ಟರು. ಮರಳಿನ ಹತ್ತಿರ ಸುಳಿಯಬಾರದು.

ಕೆಲಸ ಬಿಡಿಸಿದೆ.

ಭಯ ಬಿಡಲಿಲ್ಲ. ಕಾಯಲೆಂದೇ ಇರುವ ಜೀವಕೋಶಗಳು ಕಾಯಲು ಹೋಗಿಯೇ ಮನೆ ಕೆಡವುತ್ತವೆ ಅಂದರೆ ಯಾರನ್ನು ಬೈಯಬೇಕು? ಇವರು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೇ ನಿಂತಿರುತ್ತೇನೆ. ಕೆಮ್ಮು ಕೇಳಿದರೂ ಹೆದರಿಕೆ, ಕೇಳದಿದ್ದರೂ ಹೆದರಿಕೆ. ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರು ಸಾಲದೆ ಕೈಸನ್ನೆ ಮಾಡುತ್ತಿದ್ದರು.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತವರು ಸಿಡುಕಿದರು: "ಏನೇ ಇದು ಸಾರು, ಉಪ್ಪಿಲ್ಲ, ಹುಳಿಯಿಲ್ಲ, ನಿನ್ನ ಗ್ಯಾನ ಎಲ್ಲಿರುತ್ತೆ?"

ಇಷ್ಟೂ ಮಾತು ಒಂದೇ ಉಸಿರಿಗೆ, ನಡುವೆ ಎಲ್ಲೂ ನಿಲ್ಲದೆ ಬಂತು. ಸುಮ್ಮನೆ ಬೈಸಿಕೊಳ್ಳುವ ಹೆಂಗಸಲ್ಲ ನಾನು. ಅವತ್ತು ಮಾತ್ರ ಉಪ್ಪೂ ತರದೆ ಅಲ್ಲೇ ಕೂತೆ, ಇನ್ನೊಂದು ಸಲ ಬೈಯಲಿ ಎಂದು.