ಮೂರನೇ ಗ್ಲಾಸಿನಲ್ಲಿ ಸೀದ ಹಾಲು

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು. ಎರಡು ಸಲ ಪರೀಕ್ಷಿಸದೆ ಯಾವ ವರದಿಗೂ ಸಹಿ ಹಾಕುತ್ತಿರಲಿಲ್ಲ. ಇಂಥ ಕಥೆ ಹೇಳುವವರನ್ನು ಕಂಡರೆ ಎದುರಿಗೇ ನಗುತ್ತಿದ್ದೆ. ಈಗ ನಗುವ ಸರದಿ ನಿಮ್ಮದು. ನಗಿ, ಬೇಸರವಿಲ್ಲ. ಆದರೆ ನಡೆದದ್ದರಲ್ಲಿ ಒಂದಕ್ಷರವನ್ನೂ ನಾನು ಬದಲಿಸುವುದಿಲ್ಲ.

ಮೊದಲು ಒಂದು ವಿಷಯ ತಿಳಿಸಿಬಿಡುತ್ತೇನೆ. ನನಗೆ ವಾಸನೆ ಬರುವುದಿಲ್ಲ. ಗದಗದಲ್ಲಿ ಎರಡನೇ ಇಯತ್ತೆಯಲ್ಲಿದ್ದಾಗ ಬಂದ ವಿಷಮಶೀತ ಜ್ವರ ಅದನ್ನು ಪೂರ್ತಿ ಕಿತ್ತುಕೊಂಡು ಹೋಯಿತು. ಆಮೇಲೆ ನನಗೆ ಮಲ್ಲಿಗೆಯೂ ಒಂದೇ, ಫಿನಾಯಿಲೂ ಒಂದೇ. ಉಳಿದವರು ಮೂಗು ಮುಚ್ಚಿಕೊಳ್ಳುವ ಸ್ಯಾಂಪಲ್‌ಗಳೆಲ್ಲ ಲ್ಯಾಬಿನಲ್ಲಿ ನನ್ನ ಪಾಲಿಗೇ ಬರುತ್ತಿದ್ದವು.

ಎರಡು ಸಾವಿರದ ಇಸವಿಯ ಆಚೀಚೆ ನಾವು ಅಬುಧಾಬಿಯ ಖಾಲಿದಿಯಾದಲ್ಲಿದ್ದೆವು. ನನ್ನ ಗಂಡ ವೀರೇಶ ಹೋಟೆಲುಗಳಿಗೆ ಏಸಿ ಅಳವಡಿಸುವ ಕಂಪನಿಯಲ್ಲಿ ಎಂಜಿನಿಯರ್. ದೊಡ್ಡ ಹೋಟೆಲೊಂದರ ಕೆಲಸ ಮುಗಿದ ಖುಷಿಗೆ ಅವರ ಮ್ಯಾನೇಜರ್ ನಮ್ಮಿಬ್ಬರನ್ನೂ ಅಲ್ಲಿನ ವೈನ್ ಊಟಕ್ಕೆ ಕರೆದರು. ಒಂದೊಂದು ತಿನಿಸಿನ ಜೊತೆ ಒಂದೊಂದು ವೈನ್. ಅದನ್ನು ಹೇಗೆ ಮೂಸಬೇಕು, ಹೇಗೆ ಸವಿಯಬೇಕು ಎಂದು ಹೇಳಿಕೊಡಲು ಒಬ್ಬ ಪರಿಣತ. ಜೊತೆಗೆ ಆ ವೈನ್ ತಯಾರಿಸಿದ ಇಟಲಿಯ ಹೆಂಗಸು. ಕುಡಿಯದ ನಮಗೆ ಇದೆಲ್ಲ ಯಾಕೆ ಎಂದು ಕೇಳಿದೆ. ಆದರೆ ಆ ತಿಂಗಳು ವೀರೇಶರ ವೀಸಾ ನವೀಕರಣವಾಗಬೇಕಿತ್ತು, ಅದಕ್ಕೆ ಮ್ಯಾನೇಜರ್ ಸಹಿ ಬೇಕಿತ್ತು. ಹೋದೆವು.

ಉದ್ದನೆಯ ಮೇಜಿನ ಸುತ್ತ ಹನ್ನೆರಡು ಜನ. ಪರಿಣತ ಪ್ರತಿ ಗ್ಲಾಸಿಗೂ ಒಬ್ಬೊಬ್ಬರನ್ನೇ ಎಬ್ಬಿಸಿ ಏನು ವಾಸನೆ ಬರುತ್ತಿದೆ ಎಂದು ಕೇಳುತ್ತಿದ್ದ. ಒಬ್ಬರು ಚೆರ್ರಿ ಎಂದರು, ಒಬ್ಬರು ಚರ್ಮ ಎಂದರು. ಮೊದಲ ಎರಡು ಸಲವೂ ನಾನು ಇದ್ದದ್ದನ್ನೇ ಹೇಳಿದೆ: ಏನೂ ಇಲ್ಲ. ನಿಮ್ಮ ಮೂಗನ್ನು ಶಾಲೆಗೆ ಕಳಿಸಬೇಕು ಎಂದು ಅವನು ನಗಾಡಿದ. ಮೇಜೆಲ್ಲ ನಕ್ಕಿತು.

ಮೂರನೆಯದು ಕೆಂಪು ವೈನ್. ಶಾಸ್ತ್ರಕ್ಕೆಂಬಂತೆ ಗ್ಲಾಸನ್ನು ಮೂಗಿನ ಹತ್ತಿರ ತಂದೆ. ವಾಸನೆ ಬಂತು. ಹಾಲು ಉಕ್ಕಿ ಒಲೆಗೆ ಚೆಲ್ಲಿ ಸೀದ ವಾಸನೆ. ಚಿಕ್ಕಂದಿನಲ್ಲಿ ಕಂಡ ವಾಸನೆಯಾದ್ದರಿಂದ ಗುರುತು ಹತ್ತಿತು. ಅದರೊಳಗೆ ಇನ್ನೊಂದು, ಯಾವುದೋ ಕಡ್ಡಿ ಉರಿಯುತ್ತಿರುವ ಒಗರು ಹೊಗೆ. ಅದು ಮಾತ್ರ ನನಗೆ ಪರಿಚಯವಿಲ್ಲದ್ದು. ಕಣ್ಣಲ್ಲಿ ನೀರು ಬಂತು. ನನ್ನ ಸರದಿ ಬಂದಾಗ ಹಾಗೇ ಹೇಳಿದೆ.

ಪರಿಣತ ಈ ಸಲ ಜೋರಾಗಿ ನಕ್ಕ. ಹಾಲಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದ. ನಾನು ಕೂರಲಿಲ್ಲ. ವೀರೇಶ ಸೆರಗು ಜಗ್ಗಿದರು.

"ಸುಮ್ ಕುಂದ್ರು. ನಿನಗ ವಾಸನಿ ಎಲ್ಲಿ ಬರ್ತದ? ಮ್ಯಾನೇಜರ್ ನೋಡಾಕತ್ತಾರ."

"ಬಂದದ," ಎಂದೆ. "ಬಂದದ್ದನ್ನ ಬಂದಿಲ್ಲ ಅಂತ ಹ್ಯಾಂಗ ಹೇಳ್ಲಿ?"

ಮ್ಯಾನೇಜರ್ ಮುಖ ಬಿಗಿಯಿತು. "ಖಲಾಸ್, ಮೇಡಂ, ಸಾಕು," ಎಂದರು. ಹೋಟೆಲಿನ ಅಡುಗೆಮನೆಯದಿರಬೇಕೆಂದು ಯಾರೋ ಅಂದರು. ವಿಚಾರಿಸಿ ಎಂದು ನಾನೇ ಹಟ ಹಿಡಿದೆ. ಬಡಿಸುತ್ತಿದ್ದವನು ಹೋಗಿ ನೋಡಿ ಬಂದ. ಅಲ್ಲಿ ಹಾಲು ಕಾಯಿಸಿರಲಿಲ್ಲ. ಅದೇ ವೈನಿನ ಬೇರೆ ಬಾಟಲಿಯಿಂದ ಇನ್ನೊಂದು ಗ್ಲಾಸಿಗೆ ಹಾಕಿಸಿಕೊಂಡೆ. ಅದೇ ವಾಸನೆ. ಹಿಂದಿನ ಎರಡು ಗ್ಲಾಸುಗಳನ್ನು ಮತ್ತೆ ಮೂಸಿದೆ. ಏನೂ ಇಲ್ಲ.

ಅಷ್ಟರಲ್ಲಿ ಆ ಇಟಲಿಯ ಹೆಂಗಸು ಎದ್ದು ನನ್ನ ಬಳಿ ಬಂದಳು. ಐವತ್ತರ ಆಸುಪಾಸಿನವಳು, ಅಲ್ಲಿಯವರೆಗೆ ಹೆಚ್ಚು ಮಾತಾಡಿರಲಿಲ್ಲ. ಆ ಹೊಗೆ ಹೇಗಿತ್ತು ಎಂದು ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಆ ವೈನಿನ ದ್ರಾಕ್ಷಿ ಕೊಯ್ದ ದಿನ ಮನೆಯವರೆಲ್ಲ ತೋಟದಲ್ಲಿದ್ದರಂತೆ. ಸಂಜೆ ಬಂದು ನೋಡಿದರೆ ಅವಳ ತಾಯಿ ಒಲೆಯ ಮುಂದೆ ಬಿದ್ದಿದ್ದರು, ಜೀವ ಹೋಗಿತ್ತು. ಪಾತ್ರೆಯ ಹಾಲು ಉಕ್ಕಿ ಸೀದು ಕರಕಲಾಗಿತ್ತು. ಒಲೆಗೆ ಹಾಕುತ್ತಿದ್ದದ್ದು ಒಣಗಿದ ದ್ರಾಕ್ಷಿ ಬಳ್ಳಿಯ ಕಡ್ಡಿ. ಇದನ್ನು ಮನೆಯಾಚೆ ಯಾರಿಗೂ ಹೇಳಿಲ್ಲ ಎಂದಳು. ಪರಿಣತ ನಾಲ್ಕನೇ ಬಾಟಲಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ.

ವೀಸಾದ ಕಾಗದಕ್ಕೆ ಮ್ಯಾನೇಜರ್ ಮರುವಾರ ಸಹಿ ಹಾಕಿದರು, ಆ ಸಂಜೆಯ ಬಗ್ಗೆ ಒಂದು ಮಾತೂ ಆಡದೆ. ನನಗೆ ಮಾತ್ರ ವಾಸನೆ ಮತ್ತೆ ಬರಲಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರು ಮಿದುಳಿನಲ್ಲಿ ಅಡಗಿದ್ದ ಹಳೆಯ ನೆನಪು ಎದ್ದಿತು ಎಂದರು. ಹಾಲು ನನ್ನ ನೆನಪೇ ಇರಲಿ ಡಾಕ್ಟರೇ, ಗದಗದಲ್ಲಿ ದ್ರಾಕ್ಷಿ ಕಡ್ಡಿ ಉರಿಸಿದವರು ಯಾರು ಎಂದೆ. ಕಾಕತಾಳೀಯ ಎಂದರು. ಎರಡು ಬಾಟಲಿಯಲ್ಲೂ ಕಾಕತಾಳೀಯವೇ ಎಂದೆ. ಮುಂದಿನ ರೋಗಿಯನ್ನು ಕರೆದರು. ಹಾಗೆಂದು ಅದು ಆ ತಾಯಿಯ ಆತ್ಮ ಎಂದು ಕೈಮುಗಿಯಲು ಬಂದವರನ್ನೂ ನಾನು ಬಾಗಿಲಿನಿಂದಲೇ ಕಳಿಸಿದ್ದೇನೆ. ನನಗೆ ಗೊತ್ತಿಲ್ಲದ್ದಕ್ಕೆ ಅವರು ಹೆಸರಿಡುವುದು ಬೇಡ.

ಹೀಗೆ ಎಲ್ಲರಿಗೂ ಎದುರುತ್ತರ ಕೊಟ್ಟಿದ್ದೇನೆ, ಇಂದಿಗೂ ಕೊಡುತ್ತೇನೆ. ಕೊಡಲಾಗದೆ ಹೋದದ್ದು ಆ ಇಟಲಿಯವಳೊಬ್ಬಳಿಗೆ. ಅಂದು ನಾವು ಹೊರಟಾಗ ಅವಳು ಲಿಫ್ಟಿನವರೆಗೆ ಬಂದಳು. ನನ್ನ ಎರಡೂ ಕೈ ಹಿಡಿದು, "ಅಮ್ಮನ ಜೀವ ಹೋಗುವಾಗ ಹತ್ತಿರ ಯಾರಾದರೂ ಇದ್ದರಾ?" ಎಂದು ಕೇಳಿದಳು. ನನಗೆ ಬಂದದ್ದು ವಾಸನೆ ಮಾತ್ರ, ಬೇರೇನೂ ಕಾಣಲಿಲ್ಲ ಎಂದೆ. ಲಿಫ್ಟಿನ ಬಾಗಿಲು ತೆರೆದು ಮುಚ್ಚಿತು, ಮತ್ತೆ ತೆರೆಯಿತು. ಅವಳು ಕೈ ಬಿಡಲಿಲ್ಲ.