ಎಡಗೈಗೆ ಕೊಟ್ಟ ಅಂಕ

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಆಗಿನ ದಿನಚರಿ ಈಗಲೂ ನನ್ನ ಬಳಿ ಇದೆ, ಆದರೆ ಈ ಒಂದು ಸಂಗತಿಯಲ್ಲಿ ಅದನ್ನು ನಂಬುವಂತಿಲ್ಲ. ಸಾಮಾನ್ಯವಾಗಿ ನನ್ನ ಅನುಮಾನವೆಲ್ಲ ನೆನಪಿನ ಮೇಲೆ. ಇಲ್ಲಿ ಸುಳ್ಳು ಹೇಳಿರುವುದು ದಿನಚರಿ, ಅಂದರೆ ನಾನೇ.

ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಹೊಸಪೇಟೆಗೆ ಮರಳಿದ್ದೆ. ಒಂದು ಆಸ್ಪತ್ರೆಯಲ್ಲಿ ವಿಚಿತ್ರವಾದ ಕೆಲಸ ಸಿಕ್ಕಿತು: ಲಕ್ವಾ ಹೊಡೆದವರ ಕೈಕಾಲಿನ ಬಲ ಅಳೆಯುವ ಪರೀಕ್ಷೆಯನ್ನೇ ಪರೀಕ್ಷಿಸುವುದು. ಹೊರಗಿನಿಂದ ತರಿಸಿದ ಪುಸ್ತಕದಲ್ಲಿ ಹತ್ತು ಕೆಲಸಗಳಿದ್ದವು. ತೋಳು ಎತ್ತುವುದು, ಮುಷ್ಟಿ ಬಿಚ್ಚುವುದು, ಎದ್ದು ನಿಲ್ಲುವುದು, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಮೊದಲು ಡಾಕ್ಟರು ಅಂಕ ಹಾಕುವರು. ಅವರ ಹಾಳೆ ನೋಡದೆ ನಾನೂ ಹಾಕಬೇಕು. ಇಬ್ಬರ ಅಂಕ ಹೊಂದಿದರೆ ಪರೀಕ್ಷೆ ನಂಬಲು ಯೋಗ್ಯ. ಮೊದಲ ವಾರ ನನ್ನವು ಹೊಂದಲೇ ಇಲ್ಲ.

‘ಕೈ ನೋಡಿ ಅಂಕ ಹಾಕ್ರಿ, ಮುಖ ನೋಡಿ ಅಲ್ಲ’ ಎಂದು ಡಾಕ್ಟರು ನಕ್ಕರು. ನನಗೆ ಚುಚ್ಚಿತು.

ಎರಡನೆಯ ವಾರ ಕಂಪ್ಲಿಯಿಂದ ಒಬ್ಬರು ಬಂದರು. ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವವರು, ಐವತ್ತು ದಾಟಿರಬೇಕು. ಎಡಗೈಯಲ್ಲಿ ಚೀಲದ ಬಾಯಿ ಒತ್ತಿ ಹಿಡಿದು ಬಲಗೈಯಲ್ಲಿ ದಬ್ಬಣ ಆಡಿಸುವ ಕೆಲಸ. ಲಕ್ವಾ ಹೊಡೆದದ್ದು ಎಡಭಾಗಕ್ಕೆ. ಆ ಕೈ ಬರದಿದ್ದರೆ ಗಿರಣಿಯ ಕೆಲಸವಿಲ್ಲ. ನಮ್ಮ ಪಟ್ಟಿಯ ಕೊನೆಯ ಕೆಲಸದಲ್ಲಿ ಸೊನ್ನೆ ಬಂದವರನ್ನು ವ್ಯಾಯಾಮದ ಕೋಣೆಗೆ ಸೇರಿಸದೆ ಊರಿಗೆ ಕಳಿಸುತ್ತಿದ್ದರು, ಆ ಕೈ ಇನ್ನು ಸುಧಾರಿಸದೆಂದು. ಆ ಕೆಲಸ ಇಷ್ಟೇ: ಸೋತ ಕೈಯಲ್ಲಿ ಮೇಜಿನ ಮೇಲಿನ ಬೆಂಕಿಪೊಟ್ಟಣ ಎತ್ತಿ ಪರೀಕ್ಷೆ ಮಾಡುವವರ ಅಂಗೈಯಲ್ಲಿಡಬೇಕು.

ಅವರು ಬಲಗೈ ಚಾಚಿದರು.

‘ಅದಲ್ರಿ, ಎಡಗೈಲೆ’ ಎಂದೆ.

ಪೊಟ್ಟಣ ನೋಡಿದರು, ನನ್ನ ಅಂಗೈ ನೋಡಿದರು. ಎಡಗೈ ತೊಡೆಯ ಮೇಲೇ ಉಳಿಯಿತು. ‘ಬ್ಯಾಡ್ರಿ ಅಕ್ಕಾರ. ಆಗಂಗಿಲ್ಲ.’

ಸೊನ್ನೆ ಹಾಕಿದೆ.

ಸ್ವಲ್ಪ ಹೊತ್ತಿನ ಮೇಲೆ ವರಾಂಡಕ್ಕೆ ಬಂದರೆ ಅವರ ಹೆಂಡತಿ ಗಂಡನ ಮೇಲೆ ಹರಿಹಾಯುತ್ತಿದ್ದರು. ‘ಮನ್ಯಾಗ ಬೀಡಿ ಹಚ್ಚಾಕ ಕಡ್ಡಿಪೆಟಗಿ ಹಿಡಿತೈತಿ ಈ ಕೈ. ಇಲ್ಲಿ ಬಂದ್ರ ಮದುಮಗ ಆಗಿ ಕುಂದ್ರತೀರಿ!’

‘ಸುಮ್ಕಿರಲೇ. ಓದಿದ ಹೆಣ್ಮಗಳ ಕೈಯಾಗ ಎಡಗೈಲೆ ಇಡ್ತಾರೇನು? ಡಾಕ್ಟರಿಗೂ ಇಡಲಿಲ್ಲ ನಾ.’

ಆಕೆ ನನ್ನತ್ತ ತಿರುಗಿದರು. ‘ಕೇಳಿದ್ರೇನ್ರಿ ಅಕ್ಕಾರ? ಇಂಥಾ ಶಾಣ್ಯಾನ್ನ ಕಟ್ಕೊಂಡೀನಿ.’

ಕೇಳಿದ್ದೆ. ಎಡಗೈಯಲ್ಲಿ ಏನನ್ನೂ ಕೊಡಬಾರದೆಂದು ಮನೆಯಲ್ಲಿ ಬೈಸಿಕೊಂಡೇ ಬೆಳೆದವಳು ನಾನು. ಹಾಳೆ ಇನ್ನೂ ನನ್ನ ಕೈಯಲ್ಲಿತ್ತು. ಡಾಕ್ಟರೂ ಸೊನ್ನೆಯನ್ನೇ ಹಾಕಿದ್ದಾರೆಂದು ಆಕೆಯ ಗಂಡನ ಮಾತಿನಿಂದ ಗೊತ್ತಾಗಿತ್ತು. ತಿದ್ದಿದರೆ ಮತ್ತೆ ಅಂಕ ಬೇರೆಯಾಗುತ್ತದೆ, ಮತ್ತೆ ಅದೇ ನಗು ಕೇಳಬೇಕು. ತಿದ್ದಲಿಲ್ಲ. ಸಂಜೆ ಡಾಕ್ಟರು ಎರಡೂ ಹಾಳೆ ಪಕ್ಕದಲ್ಲಿಟ್ಟು, ‘ಈಗ ನೋಡ್ರಿ, ಹತ್ತಕ್ಕೆ ಹತ್ತೂ ಹೊಂದ್ಯಾವ’ ಎಂದಾಗ ನನಗೆ ಸಂತೋಷವಾಯಿತು. ಸಂಕಟವೂ ಆಯಿತೆಂದು ನೆನಪು ಹೇಳುತ್ತದೆ. ಅದು ಆಮೇಲೆ ಸೇರಿಕೊಂಡದ್ದಿರಬಹುದು.

ಅವರನ್ನು ಕಂಪ್ಲಿಗೆ ಕಳಿಸಿದರು.

ಎರಡು ತಿಂಗಳಾಗುತ್ತ ಬಂದಾಗ ಎಡಗೈ ಸೋತ ಸಂಡೂರಿನ ಗಣಿ ಮೇಸ್ತ್ರಿಯೊಬ್ಬರು ಡಾಕ್ಟರ ಮುಂದೆಯೇ, ‘ದೊಡ್ಡೋರಿಗೆ ಎಡಗೈಲೆ ಹ್ಯಾಂಗ ಕೊಡ್ಲಿ ಸಾಹೇಬ್ರ?’ ಎಂದುಬಿಟ್ಟರು. ಡಾಕ್ಟರು ಪೆನ್ನು ಕೆಳಗಿಟ್ಟರು. ನಾವಿಬ್ಬರೂ ಇಷ್ಟು ದಿನ ಅಳೆದದ್ದು ಮರ್ಯಾದೆಯನ್ನು, ಕೈಯನ್ನಲ್ಲ.

‘ನಿಮಗೆ ಇದು ಮೊದಲೇ ಕಂಡಿತ್ತೇನ್ರಿ?’ ಎಂದು ಕೇಳಿದರು.

‘ಇಲ್ಲ ಸರ್. ಇವತ್ತೇ’ ಎಂದೆ. ಆ ದಿನದ ದಿನಚರಿಯಲ್ಲೂ ‘ಪರೀಕ್ಷೆಯ ದೋಷವೊಂದು ಇಂದು ತಿಳಿಯಿತು’ ಎಂದೇ ಬರೆದಿದ್ದೇನೆ. ಯಾರೂ ಓದದ ಪುಸ್ತಕದಲ್ಲಿ ಯಾರಿಗಾಗಿ ಹಾಗೆ ಬರೆದೆನೋ!

ಅಂಗೈಯ ಬದಲು ಬಟ್ಟಲು ಇಡುವುದೆಂದಾಯಿತು. ಎಡಗೈಗೆ ಸೊನ್ನೆ ಪಡೆದವರಿಗೆಲ್ಲ ಕಾಗದ ಹಾಕಿದೆವು. ಕಂಪ್ಲಿಯವರು ಹೆಂಡತಿಯೊಡನೆ ಬಂದರು. ಬೆರಳುಗಳು ಒಳಕ್ಕೆ ಮಡಚಿ ಬಿಗಿದಿದ್ದವು. ಈ ಸಲ ಅವರು ಸಂಕೋಚವಿಲ್ಲದೆ ಮತ್ತೆ ಮತ್ತೆ ಪ್ರಯತ್ನಿಸಿದರು. ಪೊಟ್ಟಣ ಮೇಜಿನಂಚಿನವರೆಗೆ ಜರುಗಿ ಕೆಳಗೆ ಬಿತ್ತು.

‘ಮೊದಲು ಈ ಕೈ ಏನರ ಹಿಡಿತಿತ್ತೇನವ್ವಾ?’ ಎಂದು ಡಾಕ್ಟರು ಆಕೆಯನ್ನು ಕೇಳಿದರು.

ಆಕೆ ನನ್ನನ್ನು ನೋಡಿದರು. ‘ಹಿಡಿತಿತ್ರಿ’ ಎಂದರು. ಅಂದು ವರಾಂಡದಲ್ಲಿ ಅದನ್ನು ನಾನು ಕೇಳಿಸಿಕೊಂಡಿದ್ದೆನೆಂದು ಹೇಳಲಿಲ್ಲ. ಮರೆತಿದ್ದರೋ, ನನ್ನನ್ನು ಉಳಿಸಿದರೋ ಗೊತ್ತಿಲ್ಲ. ನಾನು ಬಗ್ಗಿ ಬಿದ್ದ ಪೊಟ್ಟಣ ಎತ್ತಿಟ್ಟೆ.

ಹೊರಗೆ ಬಂದಮೇಲೆ ಆಕೆಯ ಗಂಡ ಕೇಳಿದರು: ‘ಗಿರಣ್ಯಾಗ ಬ್ಯಾರೇದೋರ್ನ ಹಚ್ಕೊಂಡಾರ್ರಿ. ಆದ್ರೂ ವ್ಯಾಯಾಮಕ್ಕ ಬರ್ತೀನಿ ಅಕ್ಕಾರ. ಜಾಗ ಐತೇನ್ರಿ?’

‘ಐತ್ರಿ, ನಾಳೆಯಿಂದ ಬರ್ರಿ’ ಎಂದೆ. ಆ ಮಾತನ್ನು ಎರಡು ತಿಂಗಳ ಹಿಂದೆಯೇ ಹೇಳಬಹುದಿತ್ತು.