ಮರಿಯ ಕಾಲಿಗೆ ಬೀಗದ ಕೈ ಗೊಂಚಲು

ನನಗೆ ಇವತ್ತಿಗೂ ಸಿಟ್ಟಿದೆ. ಸೊಸೆ ತಂದ ನಾಯಿ ಕಚ್ಚಿತು ಅಂತ ನಮ್ಮ ಮಾವ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರಲ್ಲ, ಅದು ಯಾಕೆ ಕಚ್ಚಿತು ಅನ್ನುವುದನ್ನು ಒಬ್ಬರಿಗಾದರೂ ಹೇಳಿದರಾ? ಇಲ್ಲ.

ಕೊಡಿಗೇಹಳ್ಳಿಯ ನಮ್ಮ ಮನೆ ಪಕ್ಕ ಏಳುತ್ತಿರುವ ಬಿಲ್ಡಿಂಗಿನ ಜಲ್ಲಿ ರಾಶಿಯ ಹತ್ತಿರ ಸಿಕ್ಕ ಮರಿ ಅದು. ತಾಯಿ ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನೇ ಎತ್ತಿಕೊಂಡು ಬಂದೆ. ಎದ್ದಿದ್ದರೆ ಚಪ್ಪಲಿ ಕಡಿಯುವುದು ಬಿಟ್ಟು ಬೇರೆ ಕಸುಬಿಲ್ಲ. ಮಧ್ಯಾಹ್ನ ಹೊಟ್ಟೆ ತುಂಬಿ ಮಲಗಿದಾಗ ಮಾತ್ರ ನಾಲ್ಕೂ ಕಾಲು ಗಾಳಿಯಲ್ಲೇ ಓಡುತ್ತಿದ್ದವು. ತುಟಿ ಅದುರುತ್ತಿತ್ತು, ಕಣ್ಣು ಮುಚ್ಚಿಕೊಂಡೇ ಕುಂಯ್ ಕುಂಯ್ ಅನ್ನುತ್ತಿತ್ತು. ಮೊದಲ ಸಲ ನೋಡಿದಾಗ ನಾನೂ ಗಾಬರಿಬಿದ್ದೆ.

ಮಾವ ನೋಡಿದ ಕೂಡಲೇ ಇದು ಮೂರ್ಛೆ ರೋಗ ಅಂತ ತೀರ್ಪು ಕೊಟ್ಟುಬಿಟ್ಟರು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಹಿಡಿಸುವುದು ಅವರ ಕಾಲದಿಂದ ಬಂದ ಪದ್ಧತಿ. ನಾನು ಬೇಡ ಅನ್ನುವಷ್ಟರಲ್ಲಿ ಬೀರುವಿನ ಬೀಗದ ಕೈ ಗೊಂಚಲು ತಂದು, ನಿದ್ದೆಯಲ್ಲಿದ್ದ ಮರಿಯ ಮುಂಗಾಲಿಗೆ ಒತ್ತಿ ಹಿಡಿದರು. ಮರಿ ಬೆಚ್ಚಿಬಿದ್ದು ಬೆರಳು ಕಚ್ಚಿತು. ಇನ್ನೇನು, ಮುತ್ತು ಕೊಡಬೇಕಿತ್ತಾ?

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಬಂದವರು, ಭಾನುವಾರ ಅದನ್ನು ರಾಜಾನುಕುಂಟೆ ಆಚೆ ಹೊಲದಲ್ಲಿ ಬಿಟ್ಟುಬರುವುದು ಅಂತ ತೀರ್ಮಾನ ಮಾಡಿದರು. ಅಂಗೈಯಗಲದ ಮರಿ, ಹೊಲದಲ್ಲಿ ಏನು ತಿಂದು ಬದುಕಬೇಕು? ನನ್ನ ಗಂಡನೋ, ಅಪ್ಪನ ಮುಂದೆ ಮೊಬೈಲ್ ನೋಡುತ್ತಾ ಕೂತರು.

ಮರಿ ಮಲಗಿದ್ದ ವಿಡಿಯೋ ಮಾಡಿಕೊಂಡು ನಾನು ಯಲಹಂಕದ ಪಶುವೈದ್ಯರ ಹತ್ತಿರ ಹೋದೆ. ಮರಿಗಳು ಕನಸು ಕಾಣುತ್ತವೆ, ಕನಸಲ್ಲಿ ಓಡುತ್ತವೆ ಅಂದರು. ಮೂರ್ಛೆಯಾದರೆ ಮೈ ಸೆಟೆದುಕೊಳ್ಳುತ್ತದೆ, ಕರೆದರೂ ಎಚ್ಚರವಾಗುವುದಿಲ್ಲ. ಇದು ಬರೀ ನಿದ್ದೆ, ಮುಟ್ಟಬೇಡಿ, ಎಬ್ಬಿಸಲೇಬೇಕಾದರೆ ದೂರದಿಂದ ಕರೆಯಿರಿ ಅಂತ ಹೇಳಿದರು. ಮನೆಗೆ ಬಂದು ಅಷ್ಟನ್ನೂ ಒಪ್ಪಿಸಿದೆ. ನಾಯಿಗೆ ಕನಸಂತೆ, ಅಂತ ಮಾವ ಪೇಪರ್ ಮಡಚಿಟ್ಟು ಎದ್ದುಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಬಂತು. ಆಟೋಗೆ ಹೇಳಿಯಾಗಿತ್ತು. ಮರಿಯನ್ನು ಹಾಕಿಕೊಂಡು ಹೋಗಲು ಗೋಣಿಚೀಲ ಬಾಗಿಲ ಹತ್ತಿರ ಬಿದ್ದಿತ್ತು. ಬಾಡೂಟ ಮುಗಿಸಿ ಮಾವ ಕುರ್ಚಿಯಲ್ಲೇ ನಿದ್ದೆಹೋದರು.

ನಮ್ಮ ಮಾವ ರಿಟೈರ್ ಆಗುವವರೆಗೂ ಸಿಟಿ ಬಸ್ ಓಡಿಸಿದವರು. ಇವತ್ತಿಗೂ ಮಲಗಿದರೆ ಅವರ ಬಲಗಾಲು ಸುಮ್ಮನಿರುವುದಿಲ್ಲ, ತಟಕ್ಕನೆ ಬ್ರೇಕ್ ಒತ್ತುತ್ತದೆ. ಗಂಟಲಲ್ಲಿ ಏನೋ ಗೊಣಗುತ್ತಾರೆ, ಯಾರನ್ನೋ ಬೈಯುತ್ತಾರೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವತ್ತೂ ಕಾಲು ಒದ್ದುಕೊಳ್ಳುತ್ತಿತ್ತು. ಕೆಳಗೆ ನೆಲದ ಮೇಲೆ ಮರಿಯ ಕಾಲೂ ಓಡುತ್ತಿತ್ತು. ಗೋಣಿಚೀಲ ನೋಡಿದೆ, ತಡೆಯಲಾಗಲಿಲ್ಲ. ಬೀರುವಿನಿಂದ ಅದೇ ಗೊಂಚಲು ತಂದು ಅವರ ಅಂಗೈಗೆ ಒತ್ತಿ ಹಿಡಿದೆ.

ಅಯ್ಯೋ ಅಂತ ಕಿರುಚಿ ಮಾವ ಕೈ ಬೀಸಿದರು. ನನ್ನ ಮಣಿಕಟ್ಟಿಗೆ ಏಟು ಬಿತ್ತು, ಗೊಂಚಲು ಹಾರಿ ಟೀಪಾಯಿ ಕೆಳಗೆ ಹೋಯಿತು.

"ಮಲಗಿರೋರನ್ನ ಹಿಂಗಾ ಎಬ್ಬಿಸೋದು? ತಲೆಗಿಲೆ ಕೆಟ್ಟಿದ್ಯೇನಮ್ಮಾ ನಿಂಗೆ?" ಅಂದರು.

"ಮರಿಗೆ ಮಾತು ಬಂದಿದ್ರೆ ಅದೂ ಇದನ್ನೇ ಕೇಳ್ತಿತ್ತು, ಮಾವ," ಅಂದೆ. "ನೀವು ಈಗ ನನಗೆ ಹೊಡೆದ್ರಿ. ನಿಮ್ಮನ್ನ ಯಾವ ಹೊಲಕ್ಕೆ ಬಿಟ್ಟುಬರ್ಲಿ?"

ಅಂಥ ಮಾತು ಆ ಮನೆಯಲ್ಲಿ ಯಾವ ಸೊಸೆಯೂ ಆಡಿರಲಿಲ್ಲ. ಗಂಡ ಮೊಬೈಲ್ ಕೆಳಗಿಟ್ಟರು. ಮಾವ ಮೊದಲು ನನ್ನ ಕೆಂಪಾದ ಮಣಿಕಟ್ಟು ನೋಡಿದರು, ಆಮೇಲೆ ಬ್ಯಾಂಡೇಜ್ ಸುತ್ತಿದ್ದ ತಮ್ಮ ಬೆರಳು. ಈ ಗಲಾಟೆಗೆ ಮರಿ ಒಮ್ಮೆ ಕಣ್ಣು ಬಿಟ್ಟು ನೋಡಿ, ಮತ್ತೆ ಮುಚ್ಚಿಕೊಂಡು ಓಡತೊಡಗಿತು. ಬಾಗಿಲಲ್ಲಿ ಆಟೋ ಹಾರನ್ ಆಯಿತು. ಮಾವ ಎದ್ದು, ಮರಿಗೆ ಕಾಲು ತಾಗದಂತೆ ಸುತ್ತುಹಾಕಿ ಬಾಗಿಲಿಗೆ ನಡೆದರು.

"ಹಾರನ್ ಹೊಡೀಬೇಡ ಕಣಯ್ಯಾ," ಅಂದರು ಆಟೋದವನಿಗೆ. "ಒಳಗೆ ಮಲಗಿದಾರೆ."